ಪುಷ್ಪಾವತಿ ಹೇಳಿದ ಸಾಕ್ಷಿ

ಹೊಳೆಮಣ್ಣೂರಿನ ತಗಡಿನ ಸಭೆಮನೆಯಲ್ಲಿ ಭಾನುವಾರ ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವ ಹೊತ್ತು. ದೇವರು ತನಗೆ ಮಾಡಿದ್ದನ್ನು ಒಬ್ಬೊಬ್ಬರು ಎದ್ದು ನಿಂತು ಹೇಳಬೇಕು. ಈ ವಾರ ಯಾರು ಏಳಬೇಕು, ಏನು ಹೇಳಬೇಕು ಎಂಬುದನ್ನು ಪಾಸ್ಟರು ಮೊದಲೇ ಗೊತ್ತುಮಾಡಿದ್ದರು.

"ಪುಷ್ಪಾವತಿ, ಅಷ್ಟು ಮಳಿಯೊಳಗ ನಿನ್ನ ಮನಿ ನಿಂತೈತಿ, ಪಕ್ಕದ ಸಣ್ಣವ್ವಂದು ಬಿದ್ದೈತಿ. ಆಕಿ ಸಭಾಕ್ಕ ಬರೂದು ಬಿಟ್ಟು ಎರಡ ವರ್ಷ ಆತು. ದೇವರ ಭಯ ಇಲ್ಲಂದ್ರ ಏನಾಕ್ಕೈತಿ ಅನ್ನೂದು ಮಂದಿಗೆ ತಿಳೀಲಿ" ಎಂದಿದ್ದರು.

ಪುಷ್ಪಾವತಿಗೆ ಆಗ ಒಳಗೊಳಗೇ ಹಿಗ್ಗಾಗಿತ್ತು. ಸಣ್ಣವ್ವನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ನಳದ ಮುಂದೆ ನಾಲ್ಕು ಜನರೆದುರು "ಪ್ರಾರ್ಥನಿ ಮಾಡ್ಕೋತ ಮಂದಿ ಜಾಗಾ ನುಂಗಾಕಿ" ಎಂದು ಇವಳನ್ನು ಹಂಗಿಸಿದವಳು ಅವಳು. ಅವಳ ಮನೆಯ ಗೋಡೆ ಕುಸಿದ ಸದ್ದು ಕೇಳಿದಾಗ ಪುಷ್ಪಾವತಿಯ ಬಾಯಿಗೆ ಮೊದಲು ಬಂದದ್ದು, "ಚಲೋ ಆತು."

ಆದರೆ ಈಗ ಸೆರಗು ತಲೆಯ ಮೇಲೆಳೆದುಕೊಂಡು ಎದ್ದು ನಿಂತಾಗ ಬೇರೆಯೇ ಒಂದು ಮಾತು ನೆನಪಾಯಿತು. ಹೋದ ಬೇಸಗೆಯಲ್ಲಿ ಕಂಪೌಂಡ್ ಕಟ್ಟುವಾಗ ಗೌಂಡಿ ಗೌಸುಸಾಬ ಕೇಳಿದ್ದ: "ಅಕ್ಕಾರ, ಮ್ಯಾಲಿನ ಓಣಿ ನೀರು ನಿಮ್ಮ ಹಿತ್ತಲದಾಗ ಹಾದು ಹೊಳಿಗೆ ಹೋಗ್ತೈತಿ. ಒಂದ ಕಿಂಡಿ ಬಿಡ್ಲೇನ್ರಿ?" ಗಂಡ ಮುತ್ತಣ್ಣ ರೋಣಕ್ಕೆ ಹೋಗಿದ್ದ. "ಬ್ಯಾಡ, ಆಕಿ ಕಡೆ ಹೋಗ್ಲಿ" ಎಂದವಳು ಇವಳೇ. ಅದನ್ನು ಕೇಳಿದವನು ಗೌಸುಸಾಬ ಒಬ್ಬನೇ. ಅವನೇನೂ ಹೇಳುವವನಲ್ಲ.

ಇಷ್ಟು ವರ್ಷ ಪಾಸ್ಟರ ನಾಲಿಗೆಗೂ ಗಂಡನ ಕೈಗೂ ಹೆದರಿ, ಅದನ್ನೇ ದೇವರ ಭಯ ಅಂದುಕೊಂಡಿದ್ದಳು. ಇದು ಬೇರೆ. ಇಲ್ಲಿ ಬಯ್ಯುವವರೂ ಇಲ್ಲ, ಹೊಡೆಯುವವರೂ ಇಲ್ಲ. ಎಲ್ಲ ಗೊತ್ತಿದ್ದ ದೇವರು ಸುಮ್ಮನೆ ಕೇಳುತ್ತ ಕುಳಿತಿದ್ದಾನೆ ಅನ್ನಿಸಿತು.

"ಆಕಿ ಮನಿ ಕೆಡವಿದಾಕಿ ನಾನರಿ" ಎಂದಳು. "ಕಿಂಡಿ ಬ್ಯಾಡ ಅಂದಿದ್ದೆ. ನೀರೆಲ್ಲಾ ಆಕಿ ಗ್ವಾಡಿ ಬುಡಕ್ಕ ನುಗ್ಗಿತು. ಇವತ್ತ ನಮ್ಮ ಗ್ವಾಡಿಗೆ ಕಿಂಡಿ ಹೊಡೀತೇನಿ."

"ಕುಂದ್ರವ್ವಾ! ಸೈತಾನ ಮಾತಾಡಸಾಕತ್ತಾನ!" ಪಾಸ್ಟರು ಗದರಿದರು.

"ಅಂವ ಮಾತಾಡಿಸಿದ್ದು ಅವತ್ತರಿ, ಇವತ್ತಲ್ಲ."

ಹೆಂಗಸರು ಜಮಖಾನದ ಮೇಲೆ ದೂರ ಸರಿದು ಕೂತರು. ಹೊರಗೆ ಬಂದ ಕೂಡಲೇ ಮುತ್ತಣ್ಣ ಅವಳ ರಟ್ಟೆ ಹಿಡಿದ. "ನನ್ನ ಮರ್ಯಾದಿ ತಗದಿ. ಗ್ವಾಡಿ ಮುಟ್ಟಿದಿ ಅಂದ್ರ ತವರಮನಿ ಹಾದಿ ಹಿಡಿ, ಮುಶಿಗೇರಿ ಬಸ್ಸು ಮೂರಕ್ಕೈತಿ."

ಅವಳು ಕೊಸರಿಕೊಂಡು ಮನೆಗೆ ನಡೆದಳು. ಹಾರೆ ಎತ್ತಿ ಹಿತ್ತಲ ಗೋಡೆಗೆ ಹೊಡೆದಳು. ಸಿಮೆಂಟಿನ ಚೂರು ಮುಖಕ್ಕೆ ಸಿಡಿಯಿತು.

ಬಿದ್ದ ಮನೆಯ ಪಕ್ಕ ಕಟ್ಟಿದ್ದ ತಾಡಪತ್ರಿಯ ಕೆಳಗಿಂದ ಸಣ್ಣವ್ವ ಎದ್ದು ಬಂದಳು. "ಏನ ಹೊಸಾ ನಾಟಕಾ ಇದು?"

"ನೀರು ಈ ಕಡೆ ಬಿಡಾಕ. ತಿರುಗಿಸಿದಾಕಿ ನಾನ. ಸಭಾದಾಗ ಹೇಳಿ ಬಂದೆ."

ಸಣ್ಣವ್ವ ಕಣ್ಣು ಕೆಕ್ಕರಿಸಿದಳು. "ನನ್ನ ಮನಿ ಬಿದ್ದಮ್ಯಾಲ ಬಂತೇನ ನಿನಗ ದೇವರ ಹೆದರಿಕಿ?"

"ಹೌದು. ಈಗ ಬಂತು."

"ಬರ್ಲಿ ಬಿಡು. ನಾನಂತೂ ನಿನ್ನ ಕ್ಷಮಿಸಾಕಿ ಅಲ್ಲ."

"ಕೇಳಿಲ್ಲ ನಾ." ಪುಷ್ಪಾವತಿ ಮತ್ತೆ ಹಾರೆ ಎತ್ತಿದಳು. ಬಾಗಿಲಲ್ಲಿ ಮುತ್ತಣ್ಣ ಅವಳ ಬಟ್ಟೆಯ ಚೀಲವನ್ನು ಹೊರಗೆ ಎಸೆದ ಸದ್ದಾಯಿತು. ಅವಳು ತಿರುಗಿ ನೋಡಲಿಲ್ಲ.

ಸಣ್ಣವ್ವ ನೋಡಿದಳು. ಇನ್ನೆರಡು ಏಟು ಬಿದ್ದ ಮೇಲೆ ಸಿಟ್ಟಿನಿಂದಲೇ ಬೆರಳು ತೋರಿಸಿದಳು: "ಅಲ್ಲಲ್ಲ, ಇನ್ನೂ ಕೆಳಗ ಹೊಡಿ. ಅಷ್ಟ ಮ್ಯಾಲ ಹೊಡದ್ರ ಯಾವ ನೀರು ಹೋಗ್ತೈತಿ?"