ನೆಲದಡಿಯ ಗಾಳಿ

ವೆನಿಟಾಗೆ ಯಾರಾದರೂ "ನಿನ್ನಿಂದ ಆಗಲಿಕ್ಕಿಲ್ಲ" ಎಂದರೆ ಸಾಕು, ಆ ಕೆಲಸ ಅರ್ಧ ಮುಗಿದ ಹಾಗೆಯೇ. ಈ ಸಲ ಹಾಗೆಂದವನು ಗಂಡ ನೈಜೆಲ್.

ಕತಾರಿನ ಕಡಲಂಚಿನ ಅಲ್ ಶಮಾಲ್‌ನಲ್ಲಿ ಕಂಪನಿ ಕೊಟ್ಟಿದ್ದ ಹಲಗೆ ನೆಲದ ಮನೆ ಸಿಮೆಂಟ್ ದಿಮ್ಮಿಗಳ ಮೇಲೆ ನಿಂತಿತ್ತು. ಅಡಿಯಲ್ಲಿ ತೆವಳಿಕೊಂಡು ಹೋಗುವಷ್ಟೇ ಜಾಗ. ಅಲ್ಲಿಂದ ಬೂಷ್ಟಿನ ವಾಸನೆ ಮೇಲೇರಿ ಮಗಳು ಬೆನಿಟಾಳ ಎದೆ ಗೊರಗುಟ್ಟುತ್ತಿತ್ತು, ನಾಲ್ಕು ಹೆಜ್ಜೆ ಓಡಿದರೆ ಕೆಮ್ಮು. "ಈ ಬೂಷ್ಟು ತೆಗೆಯಲು ನಿನ್ನಿಂದ ಆಗಲಿಕ್ಕಿಲ್ಲ. ಇದು ಹೋಗದಿದ್ದರೆ ನೀವಿಬ್ಬರೂ ಊರಿಗೆ, ಶಿರ್ವಕ್ಕೆ ಹೋಗಿ, ನಾನೊಬ್ಬನೇ ಇರ್ತೇನೆ," ಎಂದ ನೈಜೆಲ್. ಹೇಳುವಾಗ ಅವನ ಮುಖ ಸಣ್ಣದಾಗಿತ್ತು. ವೆನಿಟಾಗೆ ಕೋಪಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಮದುವೆಯಾದ ಮೇಲೆ ವರ್ಷಗಟ್ಟಲೆ ಫೋನಿನಲ್ಲೇ ಸಂಸಾರ ಮಾಡಿ ಅವಳಿಗೆ ಸಾಕುಸಾಕಾಗಿತ್ತು.

ಕರಾವಳಿಯವರಿಗೆ ಮುಗ್ಗಲು ವಾಸನೆಗೆ ಗೊತ್ತಿರುವ ಮದ್ದು ಒಂದೇ: ಗಾಳಿ ಆಡಬೇಕು. ಅವಳು ಮನೆಯ ಬುಡದ ಜಾಲರಿಗಳನ್ನೆಲ್ಲ ತೆರೆದು, ಒಂದು ಫ್ಯಾನನ್ನೂ ಒಳಗೆ ತಿರುಗಿಸಿಟ್ಟಳು. ವಾರ ಕಳೆದು ಇಣುಕಿದರೆ ಹಲಗೆಯ ಅಡಿ ತೊಟ್ಟಿಕ್ಕುತ್ತಿತ್ತು, ಬೂಷ್ಟು ಇಮ್ಮಡಿಯಾಗಿತ್ತು.

"ಖಲಾಸ್. ಟಿಕೆಟ್ ನೋಡ್ತೇನೆ," ಎಂದ ನೈಜೆಲ್.

ಆ ಮಧ್ಯಾಹ್ನ ಬಟ್ಟೆ ಹರವಲು ಹೊರಬಂದವಳ ಕನ್ನಡಕಕ್ಕೆ ಮಂಜು ಕವಿಯಿತು. ಆಗಸ್ಟಿನ ಕತಾರಿನಲ್ಲಿ ಎಲ್ಲರೂ ಒರೆಸಿಕೊಂಡು ಮುಂದೆ ಹೋಗುತ್ತಾರೆ. ವೆನಿಟಾ ಒರೆಸಲಿಲ್ಲ, ನಿಂತೇಬಿಟ್ಟಳು. ಎ.ಸಿ. ಗಾಳಿಗೆ ಗಾಜು ತಣ್ಣಗಾದಂತೆ ನೆಲವೂ ತಣ್ಣಗಾಗಿದೆ. ತಾನು ಕರೆದು ಒಳಗೆ ಬಿಟ್ಟ ಈ ಕಡಲ ಗಾಳಿಯೇ ಅಲ್ಲಿ ನೀರಾಗುತ್ತಿದೆ!

"ಎಂಥ ಮಂಗ ನಾನು! ಊರಿನ ಮನೆಯಲ್ಲಿ ಎ.ಸಿ. ಎಲ್ಲಿತ್ತು ಮಾರಾಯ್ರೆ?" ಎಂದು ತನಗೆ ತಾನೇ ಬೈದುಕೊಂಡಳು. ಬೈದು ಮುಗಿಯುವುದರೊಳಗೆ ಸೆರಗು ಬಿಗಿದಾಗಿತ್ತು.

ಮೂಗಿಗೆ ಬಟ್ಟೆ ಕಟ್ಟಿ ತೆವಳಿ ಹೋಗಿ ಬೂಷ್ಟನ್ನು ಸೋಪು ನೀರಿನಲ್ಲಿ ತಿಕ್ಕಿ ಒರೆಸಿದಳು. ಮನೆಯಡಿಗೇ ಸುರಿಯುತ್ತಿದ್ದ ಎ.ಸಿ. ನೀರಿಗೆ ಪೈಪು ಜೋಡಿಸಿ ದೂರ ಹಾಯಿಸಿದಳು. ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಜಾಲರಿಗಳನ್ನು ಮುಚ್ಚಿ ಅಂಟಿಸಿದಳು. ಎ.ಸಿ.ಯ ಚಳಿಯನ್ನೂ ತಗ್ಗಿಸಿದಳು. ನೈಜೆಲ್ ಸೆಖೆ ಎಂದು ಗೊಣಗಿದ. "ಸೆಖೆ ಬೇಕೋ, ಒಬ್ಬನೇ ಇರುವುದು ಬೇಕೋ?" ಎಂದಳು.

ಕೆಲವು ವಾರ ಕಳೆದ ಶುಕ್ರವಾರ ಬೆಳಿಗ್ಗೆ, ಟಿಕೆಟಿಗೆ ದುಡ್ಡು ಕಟ್ಟುವ ಮುಂಚೆ ನೈಜೆಲ್ ತಾನೇ ಟಾರ್ಚು ಹಿಡಿದು ಮನೆಯಡಿಗೆ ನುಗ್ಗಿದ. ಹಲಗೆ ಮುಟ್ಟಿ ನೋಡಿದ. ಒಣಗಿತ್ತು. ಅಷ್ಟರಲ್ಲಿ ಅವನ ತಲೆಯ ಮೇಲೆಯೇ ದಡದಡ ಓಟ ಶುರುವಾಯಿತು, ಈ ಕೋಣೆಯಿಂದ ಆ ಕೋಣೆಗೆ, ನಗುತ್ತಾ. ಕೆಮ್ಮಿಗಾಗಿ ಅವನು ಕಾದ. ಕೆಮ್ಮು ಬರಲೇ ಇಲ್ಲ.

"ಹೊರಗೆ ಬನ್ನಿ, ಚಾ ತಣ್ಣಗಾಗ್ತದೆ," ವೆನಿಟಾ ಬಗ್ಗಿ ಕರೆದಳು.

"ಸ್ವಲ್ಪ ಹೊತ್ತು ಬಿಡು," ಎಂದಿತು ಕತ್ತಲೊಳಗಿನ ಒದ್ದೆ ದನಿ. "ಅವಳು ಓಡ್ಲಿ."