ಅಪ್ಪನ ಮುಷ್ಟಿ

ಮೂರನೇ ಒತ್ತು ಮುಗಿಯುವಷ್ಟರಲ್ಲೇ ಅಪ್ಪ ಮುಷ್ಟಿ ಬಿಗಿದು ಮೇಲೆತ್ತಿದ. ಅಂಗೈ ತೋರಿಸಿದರೆ ಒತ್ತು, ಮುಷ್ಟಿ ಎತ್ತಿದರೆ ನಿಲ್ಲಿಸು. ಆ ಗದ್ದಲದಲ್ಲಿ ಬಾಯಿಮಾತು ಯಾರಿಗೂ ಕೇಳಿಸದು. ಮೂವತ್ತು ವರ್ಷಗಳಿಂದ ಕಾರ್ಖಾನೆಯಲ್ಲಿ ಕಾದ ಲೋಹವನ್ನು ಒತ್ತುವ ದೊಡ್ಡ ಪ್ರೆಸ್ಸು ಈ ಮೇಸ್ತ್ರಿಯ ಕೈ ನೋಡಿಕೊಂಡೇ ನಡೆದಿತ್ತು. ಈಗ ಎರಡು ವರ್ಷಗಳಿಂದ ಗಾಜಿನ ಕೋಣೆಯಲ್ಲಿ ಲಿವರ್ ಹಿಡಿದು ಕೂರುತ್ತಿದ್ದವಳು ಅವನ ಮಗಳೇ.

ಎದುರಿಗೆ ಅಚ್ಚಿನ ಮೇಲೆ ವಿದ್ಯುತ್ ಟರ್ಬೈನಿನ ಚಕ್ರ ನಿಗಿನಿಗಿ ಹೊಳೆಯುತ್ತಿತ್ತು. ನಿಕ್ಕಲ್ ಬೆರೆತ ಲೋಹ, ಹೊಸ ಅಳಿಯನಿಗಿಂತ ನಾಜೂಕು. ಆರಿ ಬಣ್ಣ ಕಂದಿದ ಮೇಲೆ ಒತ್ತಿದರೆ ಬಿರುಕು ಬಿಡುತ್ತದೆ. ಅರ್ಧಕ್ಕೆ ನಿಲ್ಲಿಸಿ ಮತ್ತೆ ಕುಲುಮೆಗೆ ಹಾಕಿದರೆ ಲೋಹದ ಒಳಗಿನ ಕಣ ದಪ್ಪಗಾಗಿ, ಬಲ ಕುಂದಿ, ಚಕ್ರ ಗುಜರಿಗೆ ಹೋಗುತ್ತದೆ. ಇನ್ನೊಂದು ಒತ್ತು ಬೀಳಲೇಬೇಕಿತ್ತು. ಬಣ್ಣ ಕಂದಿತೆಂದೇ ಅಪ್ಪ ಮುಷ್ಟಿ ಎತ್ತಿದ್ದ.

ಮಗಳ ಕಣ್ಣಿಗೆ ಚಕ್ರ ಇನ್ನೂ ಕಿತ್ತಳೆ ಸಿಪ್ಪೆಯ ಬಣ್ಣದಲ್ಲೇ ಇತ್ತು. ಶಾಖದ ಮೀಟರೂ ಅದನ್ನೇ ಹೇಳುತ್ತಿತ್ತು. ಆದರೆ ಮೀಟರು ಲೋಹದ ಮೇಲೆ ಕಟ್ಟಿದ ಕಿಟ್ಟದ ಚಕ್ಕೆ ನೋಡಿ ಮೋಸಹೋಗುತ್ತದೆ, ಕಣ್ಣನ್ನೇ ನಂಬು ಎಂದು ಕಲಿಸಿದವನೇ ಅಪ್ಪ. ಥಟ್ಟನೆ ಅವಳಿಗೆ ಬೆಳಗಿನ ಜಗಳ ನೆನಪಾಯಿತು. ಅಂಗಿ ಹಳದಿಗಟ್ಟಿದೆ ಎಂದು ಅಪ್ಪ ಅಮ್ಮನ ಮೇಲೆ ರೇಗಿದ್ದ. ಸೋಪಿನ ಪುಡಿ ಬದಲಾಯಿಸಿ, ನೀಲಿ ಹಾಕಿ, ಅಮ್ಮ ಮೂರನೇ ಸಲ ಒಗೆದಿದ್ದ ಅಂಗಿ ಅದು. ಹಾಲಿನಂತೆ ಬೆಳ್ಳಗಿತ್ತು.

ಅವಳು ಮತ್ತೊಮ್ಮೆ ಚಕ್ರವನ್ನು ದಿಟ್ಟಿಸಿದಳು. ಪಾಳಿಯವರೆಲ್ಲ ನೋಡುತ್ತಿದ್ದಂತೆ, ಅಪ್ಪನ ಮುಷ್ಟಿ ಇನ್ನೂ ಗಾಳಿಯಲ್ಲಿರುವಾಗಲೇ, ಲಿವರ್ ಎಳೆದಳು. ನಾಲ್ಕನೇ ಒತ್ತು ಬಿತ್ತು.

ಅಪ್ಪ ಕೈಯನ್ನು ಮೆಲ್ಲನೆ ಇಳಿಸಿದ. ಚಕ್ರದ ಸುತ್ತ ಒಂದು ಸುತ್ತು ಬಂದು ಅಂಚನ್ನೆಲ್ಲ ನೋಡಿದ. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಆಮೇಲೆ ಮೆಟ್ಟಿಲು ಹತ್ತಿ ಗಾಜಿನ ಕೋಣೆಗೆ ಬಂದ.

"ನನ್ನ ಮುಷ್ಟಿ ಕಾಣಿಸಲಿಲ್ವಾ?"

"ಕಾಣಿಸ್ತು."

"ಮೀಟರು ನಂಬಿದ್ಯಾ?"

"ಇಲ್ಲಪ್ಪ. ನೀನು ಹೇಳಿಕೊಟ್ಟ ಹಾಗೆ ಕಣ್ಣಲ್ಲೇ ನೋಡಿದೆ. ಬಣ್ಣ ಇನ್ನೂ ಇತ್ತು." ಅವಳು ತುಸು ತಡೆದು ಹೇಳಿದಳು: "ಬೆಳಿಗ್ಗೆ ಅಂಗೀನೂ ಬೆಳ್ಳಗೇ ಇತ್ತು."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಆ ಮುಷ್ಟಿಯನ್ನು ಬಿಟ್ಟರೆ ಅಲ್ಲಿ ಅವನಿಗೆ ಬೇರೆ ಕೆಲಸವಿರಲಿಲ್ಲ. ಅದು ಅವಳಿಗೂ ಗೊತ್ತು.

"ನಾಳೆಯಿಂದ ಕೆಳಗೆ ನೀನು ನಿಂತ್ಕೋ," ಎಂದ ಕೊನೆಗೆ. "ಲಿವರ್‌ಗೆ ಬೇರೆಯವರನ್ನ ಕೂರಿಸೋಣ."

"ನಿನ್ನ ಕಣ್ಣು ಸರಿಹೋಗೋ ತನಕ ಅಷ್ಟೇ."

"ಹೂಂ. ಅಲ್ಲಿ ತನಕ ಮುಷ್ಟೀನ ಚೆನ್ನಾಗಿ ಎತ್ತು. ಮೊಣಕೈ ಬಗ್ಗಿಸಬೇಡ."

ಸಂಜೆ ಅವರು ಮನೆಗೆ ಬಂದಾಗ ಅಮ್ಮ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಗಂಡನ ಮುಖ ನೋಡುತ್ತಲೇ, "ನಿಮ್ಮ ಇನ್ನೊಂದಂಗಿ ಒಗೆದಿದೀನಿ. ಇದೂ ಹಳದಿ ಅಂದ್ರೆ ನೀವೇ ಒಗ್ಕೊಳ್ಳಿ," ಎಂದಳು.

ಅವನು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಕಣ್ಣಿಗೆ ಅದು ಅರಿಸಿನದ ನೀರಲ್ಲಿ ಅದ್ದಿದಂತೆಯೇ ಕಂಡಿತು.

"ಬೆಳ್ಳಗಿದೆ ಕಣೇ," ಎಂದ. "ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಕೆ ಇದನ್ನೇ ಹಾಕ್ಕೋತೀನಿ."

ಅಮ್ಮ ಮಗಳತ್ತ ತಿರುಗಿದಳು. ಮಗಳು ತಲೆಯಾಡಿಸಿದಳು. ಅಮ್ಮ ಅಂಗಿಯನ್ನು ಅವನ ಕೈಯಿಂದ ಇಸಿದುಕೊಂಡು, ಮಡಿಲ ಮೇಲೆ ಹರವಿ, ಕಾಲರಿನ ಸುಕ್ಕನ್ನು ಬೆರಳಿಂದ ತೀಡುತ್ತ ಕೂತಳು.