ಎಡಗೈಯವನಿಗೆ ಬೆಂಕಿಯೋ ಮಣ್ಣೋ

ರೇಡಿಯೊ ಕೇಂದ್ರದಲ್ಲಿ ನಾಟಕಗಳಿಗೆ ಸದ್ದು ಮಾಡುವವನನ್ನು ಎಲ್ಲರೂ ಸದ್ದಪ್ಪ ಎಂದೇ ಕರೆಯುತ್ತಿದ್ದರು. ಕುದುರೆ ಬೇಕೆಂದರೆ ಎರಡು ತೆಂಗಿನ ಚಿಪ್ಪು, ಮಳೆ ಬೇಕೆಂದರೆ ಮೊರದಲ್ಲಿ ಒಣ ಕಾಳು, ಬೆಂಕಿ ಬೇಕೆಂದರೆ ಬಿಸ್ಕತ್ತು ಸುತ್ತಿ ಬರುವ ಗರಗರ ಕಾಗದ. ಒಮ್ಮೆ ಅವನು ಮಳೆ ಸುರಿಸಿದಾಗ ಊರಿನ ಅರ್ಧ ಜನ ಒಣಹಾಕಿದ ಬಟ್ಟೆ ಎಳೆದುಕೊಂಡು ಒಳಗೆ ಓಡಿದ್ದರು. ಉಳಿದರ್ಧ ಜನ ನೆನೆದೇಬಿಟ್ಟರು ಎನ್ನುವವರೂ ಇದ್ದಾರೆ. ಅದು ಸ್ವಲ್ಪ ಅತಿಯಾಯಿತು.

ಇಂಥವನಿಗೆ ಈಗ ಒಂದು ಹೆಣ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಹೆಣದ ಹೆಸರು ಎಡಗೈ. ಸ್ವಾತಂತ್ರ್ಯ ಯುದ್ಧದ ಮೇಲೆ ವಾರವಾರ ಬರುತ್ತಿದ್ದ ನಾಟಕದ ನಾಯಕ. ಎಡಗೈಯಲ್ಲೇ ಮದ್ದು ಕಟ್ಟಿ ಶತ್ರುಗಳ ಸೇತುವೆಗಳನ್ನು ಹಾರಿಸುತ್ತಿದ್ದ. ಆ ಊರಲ್ಲಿ ಎರಡು ಬಗೆಯ ಜನ: ಸತ್ತರೆ ಸುಡುವವರು, ಸತ್ತರೆ ಹೂಳುವವರು. ಬದುಕಿರುವ ತನಕ ಇಬ್ಬರೂ ಒಂದೇ ನಲ್ಲಿಯ ಮುಂದೆ ಜಗಳವಾಡುತ್ತಿದ್ದರು. ಎಡಗೈ ಯಾವ ಪೈಕಿ ಎಂಬುದನ್ನು ಕತೆಗಾರ ಬಾಯಿಬಿಟ್ಟಿರಲಿಲ್ಲ. ನಾಯಕ ದೇವರನ್ನು ನೆನೆಯಬೇಕು ಅನ್ನುವಷ್ಟರಲ್ಲಿ ಪ್ರತಿ ಸಲವೂ ಗುಂಡು ಹಾರುತ್ತಿತ್ತು. ಬೈದರೂ ಶತ್ರುವಿನ ವಂಶವನ್ನು ಬೈಯುತ್ತಿದ್ದನೇ ಹೊರತು ಯಾವ ದೇವರನ್ನೂ ನಡುವೆ ಎಳೆಯುತ್ತಿರಲಿಲ್ಲ.

ಕೊನೆಯ ಕಂತಿನಲ್ಲಿ ಅವನು ಸಾಯುತ್ತಾನೆ. ಆಮೇಲೆ ಕತೆಗಾರ ಬರೆದದ್ದು ಇಷ್ಟೇ: ಅಂತ್ಯಕ್ರಿಯೆಯ ಸದ್ದು.

ಸದ್ದಪ್ಪ ಅವನನ್ನು ಮೆಟ್ಟಿಲ ಮೇಲೆ ಹಿಡಿದ. "ಸ್ವಾಮಿ, ಬೆಂಕಿನೋ ಮಣ್ಣೋ?"

"ಸದ್ದು ನಿನ್ನ ಇಲಾಖೆ."

"ಹುಟ್ಟಿಸಿದೋರು ನೀವು. ಅವನ್ಯಾರು ಅಂತ ನಿಮಗೇ ಗೊತ್ತಿಲ್ವಾ?"

ಕತೆಗಾರ ಕನ್ನಡಕ ತೆಗೆದು ಒರೆಸಿದ. "ಅದನ್ನ ತಿಳ್ಕೊಳ್ಳೋಕೆ ಅಂತಾನೇ ಇಷ್ಟುದ್ದ ಬರೆದೆ ಕಣಯ್ಯ. ಕೊನೆಗೂ ಹೇಳಲಿಲ್ಲ ಬಡ್ಡಿಮಗ."

ಮನೆಯಲ್ಲಿ ಇದಕ್ಕಿಂತ ಕಷ್ಟ. ಸದ್ದಪ್ಪನ ಸೋದರಮಾವ ಎಡಚ. ಆ ಯುದ್ಧಕ್ಕೆ ಹೋದವನು ಬರಲಿಲ್ಲ, ಹೆಣವೂ ಬರಲಿಲ್ಲ. ಮೊದಲ ಕಂತು ಕೇಳಿದ್ದೇ ತಡ, ಎಡಗೈ ತನ್ನ ಅಣ್ಣನೇ ಎಂದು ತಾಯಿ ತೀರ್ಮಾನಿಸಿದ್ದಳು. ಗೋಡೆಯಾಚೆಯ ಮನೆಯ ಮುದುಕಿ ಸೂಲಗಿತ್ತಿ ಹೂಳುವವರ ಪೈಕಿ. ಅವಳಿಗೂ ಒಬ್ಬ ಅಣ್ಣ, ಅವನೂ ಎಡಚ, ಅವನೂ ಹೋದವನು ಹೋದ. ಅವಳ ರೇಡಿಯೊ ಕೆಮ್ಮುವುದು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲವಾದ್ದರಿಂದ ಇಬ್ಬರೂ ಸದ್ದಪ್ಪನ ಅಡುಗೆಮನೆಯಲ್ಲೇ ಕೂತು, ಒಬ್ಬನೇ ನಾಯಕನಿಗಾಗಿ ಎರಡು ಸೆರಗು ಒದ್ದೆ ಮಾಡಿಕೊಳ್ಳುತ್ತಿದ್ದರು.

"ನಿನ್ನ ಮಾವನಿಗೆ ಒಂದು ಕಡ್ಡಿ ಬೆಂಕಿ ಮುಟ್ಟಿಸೋಕೆ ನನ್ನ ಕೈಲಿ ಆಗಲಿಲ್ಲ," ಅಂದಳು ತಾಯಿ. "ಈಗ ಅದು ನಿನ್ನ ಕೈಲಿದೆ. ಆ ಸದ್ದು ಒಂದು ಕಿವಿಗೆ ಬಿದ್ದರೆ ನೆಮ್ಮದಿಯಾಗಿ ಕಣ್ಣು ಮುಚ್ತೀನಿ."

"ನಮ್ಮಣ್ಣನ್ನ ಸುಟ್ಟುಗಿಟ್ಟೀಯ, ಹುಷಾರು," ಅಂದಳು ಸೂಲಗಿತ್ತಿ. "ಹುಟ್ಟಿದಾಗ ನೀನು ಕಮಕ್ ಕಿಮಕ್ ಅನ್ನಲಿಲ್ಲ. ತಲೆಕೆಳಗು ಹಿಡಿದು, ಎರಡು ಬಾರಿಸಿ, ನಿನ್ನ ಮೊದಲ ಸದ್ದು ತೆಗೆಸಿದ್ದು ಯಾರು?"

"ನೀವೇ ದೊಡ್ಡಮ್ಮ."

"ಹೆತ್ತವಳು ನಾನು," ಅಂದಳು ತಾಯಿ.

"ಹೆತ್ತೆ ತಾಯಿ. ಸದ್ದಿಲ್ಲದ್ದನ್ನ ಹೆತ್ತೆ."

ಕೊನೆಯ ಕಂತಿನ ಸಂಜೆ ಸದ್ದಪ್ಪ ಎರಡಕ್ಕೂ ತಯಾರಾಗಿ ಹೋದ. ಬಲಗೈಯಲ್ಲಿ ಗರಗರ ಕಾಗದ, ಎಡಗೈಯಲ್ಲಿ ಗಾರೆ ಕೆಲಸದವರ ಕರಣೆ, ಮೇಜಿನ ಮೇಲೆ ಬೋಗುಣಿ ತುಂಬ ಮಣ್ಣು, ಅದನ್ನು ಸುರಿಯಲು ಒಂದು ಹಲಗೆ. ನಾಟಕ ಆಡುತ್ತಿದ್ದಂತೆಯೇ ನೇರವಾಗಿ ಊರಿಗೆಲ್ಲ ಕೇಳುತ್ತಿತ್ತು. ತಪ್ಪಿದರೆ ತಿದ್ದುವ ಮಾತಿಲ್ಲ. ಪಕ್ಕದ ಕೋಣೆಯಲ್ಲಿ ಯಂತ್ರ ಕಾಯುವವನಿಗೆ ಒಂದೇ ನಿಯಮ: ಸದ್ದು ನಿಂತು ಯಂತ್ರದ ಮುಳ್ಳು ಮಲಗಿದರೆ, ಎಲ್ಲೋ ತಂತಿ ಕಡಿದಿದೆ ಎಂದು ತಿಳಿದು, ತುರ್ತಿಗೆಂದು ಇಟ್ಟ ರೆಕಾರ್ಡು ಹಾಕಬೇಕು. ಅವನು ಯಾವ ನಾಟಕವನ್ನೂ ಕೇಳಿದವನಲ್ಲ. ಮುಳ್ಳು ನೋಡುವುದೇ ಅವನ ಕೆಲಸ.

ಎಡಗೈ ನರಳಿದ, ಸತ್ತ. ನಿರ್ದೇಶಕ ಬೆರಳೆತ್ತಿದ.

ಸದ್ದಪ್ಪನ ಬಲಗೈ ಏಳಲಿಲ್ಲ, ಸೂಲಗಿತ್ತಿ ನೆನಪಾದಳು. ಅವನ ಎಡಗೈಯೂ ಏಳಲಿಲ್ಲ, ತಾಯಿ ನೆನಪಾದಳು. ನಿರ್ದೇಶಕ ಬೆರಳು ಬಿಟ್ಟು ಮುಷ್ಟಿ ತೋರಿಸಿದ. ಊರೆಲ್ಲ ಉಸಿರು ಹಿಡಿದು ಕೂತಿತ್ತು. ಪಕ್ಕದ ಕೋಣೆಯಲ್ಲಿ ಮುಳ್ಳು ಮಲಗಿತು. ಯಂತ್ರದವನು ನಿಷ್ಠೆಯಿಂದ ರೆಕಾರ್ಡು ಹಾಕಿದ.

ತುರ್ತಿಗೆಂದು ಇಟ್ಟದ್ದು ರಾಷ್ಟ್ರಗೀತೆ.

ಊರಿಗೆ ಊರೇ ಎದ್ದು ನಿಂತಿತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡದವನು ನೊರೆ ಸಮೇತ ನಿಂತ. ಸತ್ತ ಎಡಗೈ ಆಗತಾನೇ ಬಾಯಿಗಿಟ್ಟ ಬನ್ನನ್ನು ನುಂಗಲಾರದೆ, ಉಗುಳಲಾರದೆ ನಿಂತ. ಸದ್ದಪ್ಪ ಕಾಗದ, ಕರಣೆ ಹಿಡಿದೇ ನಿಂತ. ಮುಗಿದ ಮೇಲೆ ನಿರ್ದೇಶಕ ಬಂದು ಅವನ ಬೆನ್ನು ತಟ್ಟಿ, "ಇಂಥದ್ದೊಂದು ಉಪಾಯ ಇದೆ ಅಂತ ಮೊದಲೇ ಹೇಳೋದಲ್ವಾ," ಅಂದ.

ಸದ್ದಪ್ಪ ಸಾಮಾನೆಲ್ಲ ಚೀಲಕ್ಕೆ ತುಂಬಿಕೊಂಡು ಅಳುಕುತ್ತ ಮನೆಗೆ ಬಂದ. ಅಡುಗೆಮನೆಯಲ್ಲಿ ಇಬ್ಬರೂ ಕೂತಿದ್ದರು.

"ಎದ್ದು ನಿಂತ್ವಪ್ಪ," ಅಂದಳು ಸೂಲಗಿತ್ತಿ. "ನನ್ನ ಮಂಡಿ ಹಿಡ್ಕೊಂಡ್ತು. ನಿಮ್ಮಮ್ಮ ಹೆಗಲು ಕೊಟ್ಟಳು."

"ಸಮಾಧಾನ ಆಯ್ತಾ ಅಮ್ಮ?"

"ಅವನು ನಮ್ಮಣ್ಣ ಅಲ್ಲ," ಅಂದಳು ತಾಯಿ. "ನಮ್ಮಣ್ಣ ಹೋದಾಗ ಈ ಹಾಡು ಹುಟ್ಟೇ ಇರಲಿಲ್ಲ. ಕೇಳೇ ಇರದ ಹಾಡಲ್ಲಿ ಅವನನ್ನ ಹೇಗೆ ಕಳಿಸ್ಲಿ?"

"ನಮ್ಮೋನೂ ಅಲ್ಲ ಬಿಡು," ಅಂದಳು ಸೂಲಗಿತ್ತಿ. "ಅಷ್ಟು ಹೊತ್ತು ಎಲ್ಲರೂ ನೆಟ್ಟಗೆ ನಿಂತಿದ್ರೆ ನಮ್ಮಣ್ಣ ಸತ್ತಿದ್ರೂ ನಗದೇ ಇರ್ತಿರಲಿಲ್ಲ. ಯಾರ ಮನೆ ಹುಡುಗನಿಗೋ ಇಷ್ಟು ವಾರ ಅತ್ತಿದ್ದಾಯ್ತು."

ತಾಯಿ ಚೀಲದ ಕಡೆ ನೋಡಿದಳು. "ಅದರಲ್ಲಿರೋದು ತೆಗಿ. ಇಲ್ಲೇ ಮಾಡು."

ಸದ್ದಪ್ಪ ನೆಲದ ಮೇಲೆ ಕೂತು ಕಾಗದವನ್ನು ಮೆಲ್ಲಗೆ ಹಿಚುಕಿದ. ಬೆಂಕಿ ಹತ್ತಿಕೊಂಡಿತು. ತಾಯಿ ಕಣ್ಣು ಮುಚ್ಚಿದಳು. ಸೂಲಗಿತ್ತಿ ತಲೆ ಮೇಲೆ ಸೆರಗು ಹೊದ್ದಳು.

"ಸೌದೆ ಹಸಿ ಇದ್ದ ಹಾಗಿದೆ," ಅಂದಳು ಸೂಲಗಿತ್ತಿ. ಸದ್ದಪ್ಪ ಇನ್ನೂ ಜೋರಾಗಿ ಹಿಚುಕಿದ. ಬೆಂಕಿ ಮೆಲ್ಲಗೆ ಆರಿತು.

ಆಮೇಲೆ ಕರಣೆ ತೆಗೆದುಕೊಂಡು ಹಲಗೆಯ ಮೇಲೆ ಮಣ್ಣು ಸುರಿದ. ಮೊದಲು ಧೊಪ್ಪನೆ, ಆಮೇಲೆ ಮಣ್ಣಿನ ಮೇಲೆ ಮಣ್ಣು ಬೀಳುವ ಮೆತ್ತನೆಯ ಸದ್ದು. ಸೂಲಗಿತ್ತಿಯ ತುಟಿ ಅಲುಗುತ್ತಿತ್ತು. ತಾಯಿ ಅವಳ ಕೈ ಹಿಡಿದುಕೊಂಡಿದ್ದಳು.

"ಮಣ್ಣು ನನ್ನ ಗುಲಾಬಿ ಕುಂಡದ್ದಲ್ವಾ?" ಅಂದಳು ತಾಯಿ, ಕೊನೆಗೆ.

"ಹೂಂ."

"ಹೋಗಲಿ. ಒಳ್ಳೇ ಮಣ್ಣು."

ಸೂಲಗಿತ್ತಿ ಮೂಗು ಒರೆಸಿಕೊಂಡಳು. "ನಮ್ಮಿಬ್ಬರದೂ ಮುಗೀತು. ಆ ಎಡಗೈ ಯಾರೋ ಏನೋ, ಪಾಪ. ಅವನಿಗೆ ನಾವು ಬಿಟ್ಟರೆ ಯಾರಿದಾರೆ? ಅವನದ್ದೂ ಒಂದು ಮಾಡ್ಬಿಡು ಮಗ."

"ಯಾವುದು?" ಅಂದ ಸದ್ದಪ್ಪ.

"ಬೆಂಕಿ," ಅಂದಳು ತಾಯಿ.

"ಮಣ್ಣು," ಅಂದಳು ಸೂಲಗಿತ್ತಿ.

ಸದ್ದಪ್ಪ ಎದ್ದು ಕಾಫಿಗೆ ನೀರಿಟ್ಟ.